ಅಳತೆಗೋಲಿನ ತಪ್ಪು ಎಷ್ಟು?

(ಕಲಬುರಗಿಯಲ್ಲಿ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಲೋಲಕದಿಂದಲೇ ಶುರು ಮಾಡುತ್ತೇನೆ. ವಿಜ್ಞಾನ ಓದಿದವರೆಲ್ಲ ಆ ಪ್ರಯೋಗವನ್ನು ಒಮ್ಮೆಯಾದರೂ ಮಾಡಿರುತ್ತಾರೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಾಡಲು ಬಿಡುವುದು, 20 ಆಂದೋಲನಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ನೋಡುವುದು, ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕುವುದು. ರೆಕಾರ್ಡ್ ಬುಕ್ಕಿನ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವ ಉತ್ತರ 9.81. ಪುಸ್ತಕದಲ್ಲೂ ಹಾಗೇ ಇದೆ, ಮೇಷ್ಟ್ರೂ ಟಿಕ್ ಹಾಕುತ್ತಾರೆ.

ಕಲಬುರಗಿಯಲ್ಲಿ ಅದು 9.81 ಅಲ್ಲ. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ತಿರುಗುವ ವೇಗವೂ ಅಲ್ಲಿ ಹೆಚ್ಚು. ಹೀಗಾಗಿ ಈ ಬೆಲೆ ಸಮಭಾಜಕದಲ್ಲಿ 9.780, ಧ್ರುವದಲ್ಲಿ 9.832. 9.81 ಎಂಬುದು ಲಂಡನ್ನಿನ ಆಸುಪಾಸಿನದು. 17.33 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಸೂತ್ರ ಹಾಕಿದರೆ 9.784 ಬರುತ್ತದೆ. ಅಂದರೆ ಇಲ್ಲಿ ಕೂತು 9.81 ಎಂದು ಬರೆದವರು ಅಳೆದು ಬರೆದಿಲ್ಲ, ಉತ್ತರ ನೋಡಿಕೊಂಡು ಬರೆದಿದ್ದಾರೆ.

ಅಳೆದೇ ಬರೆದಿದ್ದರೂ ಎರಡನೆಯ ದಶಮಾಂಶ ಬರೆಯುವ ಹಕ್ಕು ಅವರಿಗೆ ಇರಲಿಲ್ಲ. ಒಂದು ಮೀಟರ್ ಉದ್ದದ ಲೋಲಕ 20 ಸಲ ಆಡಲು ನಮ್ಮಲ್ಲಿ 40.17 ಸೆಕೆಂಡು ಹಿಡಿಯುತ್ತದೆ. ಲಂಡನ್ನಿನ ಬೆಲೆ ಹಾಕಿದರೆ 40.12. ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಐದು ಭಾಗ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು ಸೆಕೆಂಡಿನ ಹತ್ತರಲ್ಲಿ ಎರಡು ಭಾಗದಷ್ಟು ಹಿಂದೆ ಮುಂದೆ ಆಗುವುದು ಮಾಮೂಲು. ಸಮಯದಲ್ಲಿ ಶೇ 0.5 ತಪ್ಪಾದರೆ, ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ, ಉತ್ತರದಲ್ಲಿ ಶೇ 1 ತಪ್ಪಾಗುತ್ತದೆ. ಪ್ರಾಮಾಣಿಕ ಉತ್ತರ ‘9.8, ಹೆಚ್ಚುಕಡಿಮೆ 0.1’. ಕಲಬುರಗಿ ಬೇರೆ, ಲಂಡನ್ ಬೇರೆ ಎಂದು ತೋರಿಸಬೇಕಿದ್ದರೆ 200 ಆಂದೋಲನ ಎಣಿಸಿ. ಆಗ ಎರಡರ ನಡುವೆ ಅರ್ಧ ಸೆಕೆಂಡು ಸಿಗುತ್ತದೆ. ಆದರೆ ಆಗ ದಾರದ ಉದ್ದವೂ ಒಂದು ಮಿಲಿಮೀಟರಿನೊಳಗೆ ಸರಿ ಇರಬೇಕು. ಉದ್ದ ಎಂದರೆ ಕಾರ್ಕ್ ದಾರವನ್ನು ಕಚ್ಚಿ ಹಿಡಿದ ಜಾಗದಿಂದ ಗುಂಡಿನ ನಡುಮಧ್ಯದವರೆಗೆ, ಗುಂಡಿನ ಕೊಕ್ಕೆಯವರೆಗೆ ಅಲ್ಲ. ಗುಂಡನ್ನು 20 ಡಿಗ್ರಿ ಎಳೆದು ಬಿಟ್ಟರೆ ಆಂದೋಲನದ ಸಮಯ ಶೇ 0.76 ಹೆಚ್ಚುತ್ತದೆ, 5 ಡಿಗ್ರಿಗೆ ಎಳೆದರೆ ಶೇ 0.05 ಮಾತ್ರ. ಇನ್ನು, ಉತ್ತರ 10.84ರ ಹತ್ತಿರ ಬಂದರೆ ಗುರುತ್ವವನ್ನು ಬೈಯಬೇಡಿ. ಬಿಡುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಿದ್ದೀರಿ, 19 ಆಂದೋಲನವನ್ನು 20 ಎಂದುಕೊಂಡಿದ್ದೀರಿ.

ಗಣಿತ, ಖಗೋಳ, ಭೌತಶಾಸ್ತ್ರ, ಜೀವಶಾಸ್ತ್ರ, ವಾಕ್ ಮತ್ತು ಭಾಷಾ ತೊಂದರೆಗಳು: ಇಷ್ಟು ಬಗೆಯ ಓದಿನವರು ಇಲ್ಲಿ ಒಟ್ಟಿಗೆ ಕೂತಿದ್ದೀರಿ. ಎಲ್ಲರಿಗೂ ಕೇಳಬಹುದಾದ ಪ್ರಶ್ನೆ ಒಂದೇ, ನಿಮ್ಮ ಅಳತೆಗೋಲಿನ ತಪ್ಪು ಎಷ್ಟು? ಉತ್ತರ ಒಂದೊಂದು ಶಾಸ್ತ್ರದಲ್ಲಿ ಒಂದೊಂದು ತರಹ ಇದೆ. ಕೆಲವು ಕಡೆ ಬಹಳ ವಿಚಿತ್ರವಾಗಿಯೂ ಇದೆ.

ಮೇ 9ರ ನೆರಳು

ಕಲಬುರಗಿಯಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲು ನೆಟ್ಟಗೆ ನಿಂತ ಕೋಲಿಗೆ ನೆರಳಿಲ್ಲ: ಮೇ 9ರ ಹೊತ್ತಿಗೆ ಒಮ್ಮೆ, ಆಗಸ್ಟ್ 3–4ರ ಹೊತ್ತಿಗೆ ಮತ್ತೊಮ್ಮೆ. ಯಾದಗಿರಿ ದಕ್ಷಿಣಕ್ಕಿರುವುದರಿಂದ ಅಲ್ಲಿ ಮೇ 7ರ ಸುಮಾರಿಗೆ, ಬೀದರಿನಲ್ಲಿ ಮೇ 11–12ಕ್ಕೆ. ಆಗಸ್ಟಿನದು ಮೋಡದ ಪಾಲು, ಅದನ್ನು ನಂಬಬೇಡಿ.

ಈ ದಿನವನ್ನು ಬಳಸಿ ಭೂಮಿಯ ಸುತ್ತಳತೆ ತೆಗೆಯಬಹುದು. ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ನಮಗೆ ಜೋಡಿ ಊರು ಬೆಂಗಳೂರು: ಅಕ್ಷಾಂಶ 12.97, ರೇಖಾಂಶದಲ್ಲಿ ನಮಗೂ ಅದಕ್ಕೂ ಒಂದು ಡಿಗ್ರಿಯ ವ್ಯತ್ಯಾಸವೂ ಇಲ್ಲ. ಮೇ 9ರಂದು ಇಲ್ಲಿ ನೆರಳು ಸೊನ್ನೆ ಇರುವಾಗ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯಿಂದ 4.36 ಡಿಗ್ರಿ ಉತ್ತರಕ್ಕೆ ವಾಲಿರುತ್ತಾನೆ. ಒಂದು ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ 7.6 ಸೆಂ.ಮೀ. ಬೀಳುತ್ತದೆ. ಎರಡೂರಿನ ನಡುವೆ ಉತ್ತರ–ದಕ್ಷಿಣ ಅಂತರ ಸುಮಾರು 482 ಕಿ.ಮೀ. 4.36 ಡಿಗ್ರಿಗೆ 482 ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 39,800 ಕಿ.ಮೀ. ನಿಜವಾದ ಧ್ರುವ ಸುತ್ತಳತೆ 40,008. ಉಳಿದ ಶೇ 0.5 ನಿಮ್ಮ ತಪ್ಪಲ್ಲ. ಭೂಮಿ ಪೂರ್ತಿ ಗುಂಡಗಿಲ್ಲದ ಕಾರಣ ಸಮಭಾಜಕದ ಕಡೆಗೆ ಒಂದು ಡಿಗ್ರಿಯ ಉದ್ದ ಕೊಂಚ ಕಡಿಮೆ. ಗೂಗಲ್ ಹೇಳುವ ರಸ್ತೆಯ ಅಂತರ ಹಾಕಿದರೆ ಮಾತ್ರ ಭೂಮಿ ಸಿಕ್ಕಾಪಟ್ಟೆ ಊದಿಕೊಳ್ಳುತ್ತದೆ.

ಕಾಗದದ ಮೇಲೆ ಇಷ್ಟೇ. ಅಂಗಳದಲ್ಲಿ ಕೆಡುವ ಜಾಗಗಳು ಮೂರು.

ಮೊದಲನೆಯದು ಗಡಿಯಾರ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ, ನಾವು ಇರುವುದು 76.83ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 22 ನಿಮಿಷ 40 ಸೆಕೆಂಡು ಹಿಂದಿದ್ದೇವೆ. ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷ ವಾಲಿದೆ. ಆ ಕಾರಣಕ್ಕೆ ಮೇ 9ರಂದು ಮೂರೂವರೆ ನಿಮಿಷ ಕಳೆಯಬೇಕು. ನಿಜವಾದ ನಡುಹಗಲು 12 ಗಂಟೆ 19 ನಿಮಿಷಕ್ಕೆ. ಆಗಸ್ಟಿನಲ್ಲಾದರೆ ಕಳೆಯುವ ಬದಲು ಆರು ನಿಮಿಷ ಕೂಡಿಸಬೇಕು, 12.29 ಆಗುತ್ತದೆ. ಗಡಿಯಾರ ಹನ್ನೆರಡು ಹೊಡೆಯಿತೆಂದು ಕಲಬುರಗಿಯಲ್ಲಿ ಅಳೆದರೆ ಕೋಲಿನ ನೆರಳು ಪಶ್ಚಿಮಕ್ಕೆ 7.9 ಸೆಂ.ಮೀ. ಇರುತ್ತದೆ. ಬೆಂಗಳೂರಿನ ಅಸಲಿ ನೆರಳಿಗಿಂತ ಉದ್ದ! ಪ್ರಯೋಗ ಅಲ್ಲಿಗೆ ಮುಗಿಯಿತು.

ಎರಡನೆಯದು ಕೋಲು ನೆಟ್ಟಗಿರುವುದು. ಒಂದು ಡಿಗ್ರಿ ವಾಲಿದರೆ ತುದಿ 17 ಮಿ.ಮೀ. ಸರಿಯುತ್ತದೆ. ಕಣ್ಣಂದಾಜು ಬೇಡ, ಗೌಂಡಿಗಳ ತೂಗುಗುಂಡು ತನ್ನಿ. ನೆಲಕ್ಕೆ ಒಂದು ಶಹಾಬಾದ್ ಫರಸಿ ಹಾಸಿ ರಸಮಟ್ಟ ಇಟ್ಟು ನೋಡಿ.

ಮೂರನೆಯದನ್ನು ಬಹುತೇಕ ಯಾರೂ ಯೋಚಿಸುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹೀಗಾಗಿ ಒಂದು ಮೀಟರ್ ಎತ್ತರದ ತುದಿಯ ನೆರಳು ಸುಮಾರು 9 ಮಿ.ಮೀ.ನಷ್ಟು ಮಸುಕಾಗಿ ಹರಡಿರುತ್ತದೆ. 76 ಮಿ.ಮೀ. ಅಳೆಯಲು ಹೊರಟವರಿಗೆ 9 ಮಿ.ಮೀ. ಮಸುಕು! ದಪ್ಪ ಕೋಲು, ತೆಳು ಕೋಲು ಎಂದು ಬದಲಾಯಿಸಿ ಪ್ರಯೋಜನವಿಲ್ಲ. ನೆರಳನ್ನೇ ಬಿಟ್ಟುಬಿಡಿ. ಒಂದು ರಟ್ಟಿಗೆ 3 ಮಿ.ಮೀ. ತೂತು ಕೊರೆದು, ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕೂರಿಸಿ. ನೆಲದ ಮೇಲೆ 12 ಮಿ.ಮೀ. ಸುಮಾರಿನ ದುಂಡನೆಯ ಬೆಳಕಿನ ಬಿಂಬ ಬೀಳುತ್ತದೆ. ಬಿಂಬದ ಅಂಚು ಎಷ್ಟೇ ಮಸುಕಾಗಿದ್ದರೂ ನಡುಬಿಂದುವನ್ನು ಒಂದು ಮಿ.ಮೀ.ನೊಳಗೆ ಗುರುತಿಸಬಹುದು. ತೂತಿನ ಕೆಳಗೆ ತೂಗುಗುಂಡು ಮುಟ್ಟುವ ಜಾಗದಿಂದ ಆ ನಡುಬಿಂದುವಿಗೆ ಅಳೆಯಿರಿ. ಅಷ್ಟಾದರೂ ಒಂದು ಮಿ.ಮೀ. ತಪ್ಪಿಗೆ ಭೂಮಿಯ ಸುತ್ತಳತೆ 500 ಕಿ.ಮೀ. ಅತ್ತಿತ್ತ ಆಗುತ್ತದೆ. ಉತ್ತರದ ಪಕ್ಕ ಅದನ್ನು ಬರೆಯಲೇಬೇಕು.

ಅಳತೆಗೋಲು ಸಾಲದೆ ಹೊಸ ಮೂಲವಸ್ತುವೊಂದು ಕೈಗೆ ಬಂದೂ ಬಾರದಂತಾದ ಪ್ರಸಂಗ ನಮ್ಮ ಸೀಮೆಯ ಆಕಾಶದಲ್ಲೇ ನಡೆದಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಒಂದು ತಂಡ ಜಮಖಂಡಿಯಲ್ಲಿತ್ತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿದ್ದ. ನಕಾಶೆಯಲ್ಲಿ ಈ ಎರಡೂರಿಗೆ ಗೆರೆ ಎಳೆದರೆ ಅದು ಯಾದಗಿರಿಯ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಹಾಯುತ್ತದೆ. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ, ಹಳದಿ ಗೆರೆಯೊಂದು ಕಂಡಿತು. ಸೋಡಿಯಂನ ಡಿ ಗೆರೆಗಳು ಇರುವುದೂ ಹಳದಿಯಲ್ಲೇ, 589.0 ಮತ್ತು 589.6 ನ್ಯಾನೋಮೀಟರ್. ಕಂಡ ಗೆರೆ ಇದ್ದದ್ದು 587.6ರಲ್ಲಿ. ಗ್ರಹಣದ ಕೆಲವೇ ನಿಮಿಷಗಳಲ್ಲಿ, ಅಂದಿನ ರೋಹಿತದರ್ಶಕದಲ್ಲಿ, ಆ ಒಂದೂವರೆ ನ್ಯಾನೋಮೀಟರ್ ಬೇರೆ ಮಾಡಿ ಹೇಳುವುದು ಕಷ್ಟ. ಅದು ಡಿ ಅಥವಾ ಡಿ ಸಮೀಪ ಎಂದಾಯಿತು. ಅದು ಸೋಡಿಯಂ ಅಲ್ಲ ಎಂಬುದು ಅದೇ ವರ್ಷ, ಗ್ರಹಣವಿಲ್ಲದಾಗಲೂ ಜ್ವಾಲೆಗಳನ್ನು ನಿಧಾನವಾಗಿ ನೋಡುವ ಉಪಾಯ ತಿಳಿದ ಮೇಲೆ ಇಂಗ್ಲೆಂಡಿನ ಖಗೋಳಜ್ಞ ಲಾಕ್ಯರ್‌ಗೆ ಗಟ್ಟಿಯಾಯಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದನ್ನು ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ ಹಿಡಿದದ್ದು 1895ರಲ್ಲಿ.

ಗಣಿತದವರು ಇಷ್ಟು ಹೊತ್ತು ನಗುತ್ತಾ ಕೂತಿರಬಹುದು. ಅವರಿಗೆ ಮಿಲಿಮೀಟರಿನ ಕಾಟವಿಲ್ಲ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹವನ್ನೇ ತೆಗೆದುಕೊಳ್ಳಿ. ಕ್ರಿ.ಶ. 850ರ ಸುಮಾರಿನ ಗ್ರಂಥ. ಆರಂಭದಲ್ಲೇ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಆ ದೊರೆಯ ರಾಜಧಾನಿ ಮಾನ್ಯಖೇಟ ಎಂದರೆ ಇಲ್ಲಿಂದ ಸುಮಾರು 40 ಕಿ.ಮೀ. ದೂರದ, ಕಾಗಿಣಾ ದಂಡೆಯ ಮಳಖೇಡ. ಒಂದನ್ನು ಬೇಕಾದಷ್ಟು ಏಕಾಂಶ ಭಿನ್ನರಾಶಿಗಳ ಮೊತ್ತವಾಗಿ ಒಡೆಯುವ ಬಗೆಯನ್ನು ಮಹಾವೀರಾಚಾರ್ಯರು ಹೇಳುತ್ತಾರೆ. ಐದು ತುಂಡು ಬೇಕೇ? 1ರಿಂದ ಶುರು ಮಾಡಿ ಮೂರರಿಂದ ಗುಣಿಸುತ್ತಾ ಹೋಗಿ: 1, 3, 9, 27, 81. ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರನೇ ಎರಡರಿಂದ ಗುಣಿಸಿ: 2, 3, 9, 27, 54. ಇವೇ ಛೇದಗಳು. 1/2 + 1/3 + 1/9 + 1/27 + 1/54. ಕೂಡಿಸಿ ನೋಡಿ, ಸರಿಯಾಗಿ ಒಂದು.

ಐದಕ್ಕೆ ಸರಿಹೋಯಿತು, ಐವತ್ತಕ್ಕೆ? ಹಿಂದಿನಿಂದ ಕೂಡಿಸಿದರೆ ಗುಟ್ಟು ತಿಳಿಯುತ್ತದೆ. 1/54ಕ್ಕೆ 1/27 ಸೇರಿದರೆ 3/54, ಅಂದರೆ 1/18. ಅದಕ್ಕೆ 1/9 ಸೇರಿದರೆ 1/6. ಅದಕ್ಕೆ 1/3 ಸೇರಿದರೆ 1/2. ಅದಕ್ಕೆ ಉಳಿದ 1/2. ಪ್ರತಿ ಹೆಜ್ಜೆಯಲ್ಲೂ ಅದೇ ಆಟ: ಮೂರರ ಘಾತದ ಇಮ್ಮಡಿಯ ಛೇದ ಒಂದು ಮೆಟ್ಟಿಲು ಇಳಿಯುತ್ತದೆ. ಹೀಗಾಗಿ ಐವತ್ತಲ್ಲ, ಐದು ಲಕ್ಷ ತುಂಡಿಗೂ ಪರೀಕ್ಷೆ ಬೇಕಿಲ್ಲ. ಇದು ಗಣಿತದ ಅರ್ಥದಲ್ಲಿ ಸಾಧನೆ, ಅಂದರೆ ಪುರಾವೆ. ಸಾವಿರ ಉದಾಹರಣೆ ನೋಡಿ ‘ಬರುತ್ತಿದೆ’ ಎನ್ನುವುದು ಸಾಧನೆಯಲ್ಲ.

ಕಂಪ್ಯೂಟರ್ ಬಂದ ಮೇಲೆ ಈ ಭೇದ ಮರೆಯುವುದು ಸುಲಭವಾಗಿದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ಬರುತ್ತದೆಯೇ? ಒಂದರಿಂದ ಹತ್ತು ಕೋಟಿವರೆಗೆ ಹುಡುಕಿ, ಸಿಗುವುದಿಲ್ಲ. ‘ಉತ್ತರವಿಲ್ಲ’ ಎಂದು ಪ್ರಬಂಧ ಬರೆದುಬಿಡಬಹುದು. ಆದರೆ 22,61,53,980 ಹಾಕಿದರೆ 1,76,63,19,049ರ ವರ್ಗ ಬರುತ್ತದೆ, ಅದೇ ಅತಿ ಚಿಕ್ಕ ಉತ್ತರ. ಎರಡನೆಯ ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಚಕ್ರವಾಲ ವಿಧಾನದಿಂದ ಇದನ್ನು ಕೈಲೆಕ್ಕದಲ್ಲೇ ತೆಗೆದಿದ್ದಾರೆ. ಇನ್ನೊಂದು ಹೊಂಡವೂ ಇದೆ. ಸಾಮಾನ್ಯ ದಶಮಾಂಶ ಬಗೆಯ ಲೆಕ್ಕದಲ್ಲಿ ಕಂಪ್ಯೂಟರ್ ಪೂರ್ಣಾಂಕಗಳನ್ನು ಬಿಡದೆ ಹಿಡಿದಿಡುವುದು ಸುಮಾರು 16 ಅಂಕಿಯವರೆಗೆ ಮಾತ್ರ. ನೀವು ಹುಡುಕುವ ಸಂಖ್ಯೆ ಒಂದೂಕಾಲು ಕೋಟಿ ದಾಟುತ್ತಲೇ ಅದರ ವರ್ಗದ 61 ಪಟ್ಟು ಆ ಮಿತಿ ಮೀರುತ್ತದೆ. ಆಮೇಲೆ ವರ್ಗಮೂಲ ತೆಗೆದರೆ ಪೂರ್ಣವರ್ಗವಲ್ಲದ್ದೂ ಪೂರ್ಣವರ್ಗವೆಂದು ತೋರಬಹುದು. ಪೂರ್ಣಾಂಕದ ಲೆಕ್ಕವನ್ನೇ ಬಳಸಬೇಕು. ಮಿಲಿಮೀಟರಿನ ಕಾಟವಿಲ್ಲ ಎಂದೆನಲ್ಲ, ಪೂರ್ತಿ ನಿಜವಲ್ಲ. ಮಹಾವೀರಾಚಾರ್ಯರೂ ಒಂದು ಕಡೆ ಎಡವಿದ್ದಾರೆ: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದಿದ್ದಾರೆ. ಅದೇ ಗ್ರಂಥದಲ್ಲಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂಬ ಎಚ್ಚರದ ಮಾತೂ ಇದೆ.

ತೊಗರಿ ಹೊಲದಲ್ಲಿ

ಜೀವಶಾಸ್ತ್ರಕ್ಕೆ ಬಂದರೆ ಅಳತೆಗೋಲು ಚೆನ್ನಾಗಿದ್ದರೂ ಅಳೆಯುವ ವಸ್ತುವೇ ಒಂದರಂತೆ ಒಂದಿಲ್ಲ. ಈ ಜಿಲ್ಲೆಯವರಿಗೆ ತೊಗರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುವ ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಫ್ಯೂಸೇರಿಯಂ ಉಡಮ್ ಎಂಬ ಶಿಲೀಂಧ್ರ. ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟುತ್ತದೆ. ಯಾವ ತಳಿ ತಡೆಯುತ್ತದೆ ಎಂದು ನೋಡಲು ಪ್ರಯೋಗ ಹೂಡುತ್ತೀರಿ. ಮೊದಲ ಪ್ರಶ್ನೆ: ಒಣಗಿದ ಗಿಡವೆಲ್ಲ ನೆಟೆಯೇ? ನೀರು ನಿಂತರೂ ಒಣಗುತ್ತದೆ, ತೇವ ಸಾಲದಿದ್ದರೂ ಒಣಗುತ್ತದೆ, ಒಣ ಬೇರು ಕೊಳೆಗೂ ಒಣಗುತ್ತದೆ. ರೈತರ ಬಾಯಲ್ಲಿ ಎಲ್ಲವೂ ‘ನೆಟಿ ಹೊಡೀತು’. ಸಂಶೋಧಕ ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗೆ ಕಪ್ಪು ಗೆರೆ ಇದೆಯೇ ನೋಡಬೇಕು. ಅನುಮಾನವಿದ್ದರೆ ತುಂಡನ್ನು ಪ್ರಯೋಗಾಲಯಕ್ಕೆ ಒಯ್ದು ಶಿಲೀಂಧ್ರ ಬೆಳೆಸಬೇಕು.

ಆರು ತಳಿ ಇದ್ದರೆ, ಒಂದೊಂದನ್ನು ಒಂದೊಂದು ತಾಕಿನಲ್ಲಿ ಬಿತ್ತಿ, ತಾಕಿಗೆ ನೂರು ಗಿಡದಂತೆ ಎಣಿಸಿ, ‘ಆರು ನೂರು ಮಾದರಿ’ ಎಂದು ಬರೆಯುವ ಪ್ರಬಂಧಗಳು ಇಂದಿಗೂ ಬರುತ್ತವೆ. ಅದು ಆರು ನೂರಲ್ಲ, ಆರು. ಶಿಲೀಂಧ್ರ ಹೊಲದಲ್ಲಿ ತೇಪೆ ತೇಪೆಯಾಗಿ ಇರುತ್ತದೆ. ಒಂದು ತಾಕು ತೇಪೆಯ ಮೇಲೆ ಬಿದ್ದರೆ ಅಲ್ಲಿನ ನೂರೂ ಗಿಡ ಒಟ್ಟಿಗೆ ಸಾಯುತ್ತವೆ. ತಳಿಯ ಗುಣವೋ ತಾಕಿನ ಗುಣವೋ, ಹೇಳುವವರಿಲ್ಲ. ಹರ್ಲ್‌ಬರ್ಟ್ 1984ರಲ್ಲಿ ಇದಕ್ಕೆ ‘ಹುಸಿ ಪುನರಾವರ್ತನೆ’ ಎಂಬರ್ಥದ ಹೆಸರಿಟ್ಟರು. ಪರಿಹಾರ ಅದಕ್ಕೂ ಹಳೆಯದು, ಸಂಖ್ಯಾಶಾಸ್ತ್ರಜ್ಞ ಫಿಷರ್ ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೋಥಾಮ್‌ಸ್ಟೆಡ್‌ನಲ್ಲಿ ರೂಪಿಸಿದ್ದು. ಹೊಲವನ್ನು ನಾಲ್ಕು ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲೂ ಆರೂ ತಳಿ ಇರಲಿ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. 24 ತಾಕು, ದೋಷ ಅಂದಾಜಿಗೆ ಸಿಗುವ ಸ್ವಾತಂತ್ರ್ಯಾಂಕ (ಸ್ವತಂತ್ರವಾಗಿ ಬದಲಾಗಬಲ್ಲ ಅಳತೆಗಳ ಸಂಖ್ಯೆ) 15. ಪಟ್ಟಿ ಯಾವ ದಿಕ್ಕಿಗೆ? ಎರೆ ಹೊಲದಲ್ಲಿ ಹಳ್ಳದ ಕಡೆಗೆ ಮಣ್ಣು ಆಳ, ತೇವ ಹೆಚ್ಚು. ಪಟ್ಟಿಗಳು ಇಳಿಜಾರಿಗೆ ಅಡ್ಡವಾಗಿ, ಒಡ್ಡಿನ ಗುಂಟ ಇರಬೇಕು. ಆಗ ಒಂದು ಪಟ್ಟಿಯೊಳಗಿನ ಆರೂ ತಾಕಿಗೆ ಮಣ್ಣು ಹೆಚ್ಚುಕಡಿಮೆ ಒಂದೇ. ಉದ್ದಕ್ಕೆ ಹಾಕಿದಿರೋ, ಪಟ್ಟಿ ಮಾಡಿದ್ದೂ ವ್ಯರ್ಥ.

ನಡುನಡುವೆ ಬೇಗ ಸೊರಗುವ ತಳಿಯ ಸಾಲು ಇರಲಿ. ಅದು ಒಣಗದಿದ್ದರೆ ನಿಮ್ಮ ಹೊಲದಲ್ಲಿ ರೋಗವೇ ಇಲ್ಲ. ಉಳಿದ ತಳಿಗಳು ಬದುಕಿದ್ದಕ್ಕೆ ಅರ್ಥವಿಲ್ಲ. ಒಂದು ರೋಗವನ್ನು ತಡೆದ ತಳಿ ಇನ್ನೊಂದನ್ನೂ ತಡೆಯುತ್ತದೆ ಎಂದುಕೊಳ್ಳಬೇಡಿ. ಮಾರುತಿ ತಳಿ ನೆಟೆ ತಡೆಯುತ್ತದೆ, ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಬೀಳುತ್ತದೆ. ಆಶಾ ಎರಡನ್ನೂ ತಡೆಯಲೆಂದು ಬಂದದ್ದು. ಬೀಜ ಉಳಿಸುವಾಗಲೂ ಎಚ್ಚರ: ತೊಗರಿಯಲ್ಲಿ ಜೇನುಹುಳು ಪರಾಗ ಬೆರೆಸುತ್ತದೆ, ಹೂಗೊಂಚಲಿಗೆ ಬಲೆಚೀಲ ಕಟ್ಟದಿದ್ದರೆ ಮುಂದಿನ ವರ್ಷ ನಿಮ್ಮ ಕೈಲಿರುವುದು ಅದೇ ತಳಿಯಾಗಿರುವುದಿಲ್ಲ.

ಇದೇ ಆಶಾ ತಳಿಯ ಜೀನೋಮನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದ ತಂಡ 2011ರಲ್ಲಿ ಪ್ರಕಟಿಸಿತು. 11 ಜೋಡಿ ವರ್ಣತಂತು, ಅಂದಾಜು 48,680 ಜೀನುಗಳು. ಈಗ ಯಾವ ಜೀನು ನೆಟೆ ತಡೆಗೆ ಕಾರಣ ಎಂದು ಒಂದೊಂದನ್ನೂ ಶೇ 5ರ ಮಟ್ಟದಲ್ಲಿ ಪರೀಕ್ಷಿಸಿ. ಯಾವುದಕ್ಕೂ ಸಂಬಂಧವೇ ಇಲ್ಲದಿದ್ದರೂ ಸುಮಾರು 2,434 ಜೀನುಗಳು ‘ಮಹತ್ವದ್ದು’ ಎಂದು ಕೈ ಎತ್ತುತ್ತವೆ. ಅಷ್ಟು ದೂರ ಹೋಗಬೇಕಿಲ್ಲ, 20 ಪರೀಕ್ಷೆ ಮಾಡಿದರೂ ಒಂದಾದರೂ ಸುಳ್ಳು ಫಲಿತಾಂಶ ಬರುವ ಸಂಭವ ಶೇ 64. ಎಷ್ಟು ಪರೀಕ್ಷೆ ಮಾಡಿದಿರಿ ಎಂಬುದನ್ನು ಪ್ರಬಂಧದಲ್ಲಿ ಬರೆಯಿರಿ. ಗೆದ್ದದ್ದನ್ನು ಮಾತ್ರ ಬರೆಯುವುದು ಸುಳ್ಳು ಹೇಳಿದಂತೆಯೇ.

ಮಾತು ಅಳೆಯುವುದು

ಇಲ್ಲಿ ಅಳತೆಗೋಲು ತಾನೇ ಒಂದು ಭಾಷೆ. ಉಳಿದ ಶಾಸ್ತ್ರಗಳಲ್ಲಿ ಈ ತಾಪತ್ರಯ ಇಲ್ಲ, ಹೀಗಾಗಿ ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ.

ಲಕ್ವಾ ಹೊಡೆದ ಮೇಲೆ ಮಾತು ಹೋದವರನ್ನು ಎಲ್ಲರೂ ನೋಡಿದ್ದೇವೆ. ಮನೆಯವರು ‘ನಾಲಿಗಿ ಬಿದ್ದದ’ ಎನ್ನುತ್ತಾರೆ. ಅದರಲ್ಲಿ ಎರಡು ಬೇರೆ ಸಂಗತಿಗಳಿವೆ. ನಾಲಿಗೆ, ತುಟಿಯ ಸ್ನಾಯು ಸೋತು ಉಚ್ಚಾರ ಕೆಟ್ಟಿದ್ದರೆ ಅದು ಒಂದು. ಅವರು ಬರೆದು ತೋರಿಸಬಲ್ಲರು. ಮೆದುಳಿನಲ್ಲಿ ಭಾಷೆಯೇ ಮುರಿದಿದ್ದರೆ ಅದು ಅಫೇಸಿಯಾ, ಬರವಣಿಗೆಯೂ ಹೋಗಿರುತ್ತದೆ. 1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಪರೀಕ್ಷಿಸಿದ ರೋಗಿ ‘ಟಾನ್’ ಎಂಬ ಒಂದೇ ಸದ್ದು ಹೊರಡಿಸುತ್ತಿದ್ದ, ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು. 1874ರಲ್ಲಿ ವೆರ್ನಿಕೆ ವಿವರಿಸಿದ್ದು ತಿರುಗುಮುರುಗು: ಮಾತು ಸರಾಗ, ಅರ್ಥವಿಲ್ಲ, ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಎರಡನೆಯ ಬಗೆಯವರನ್ನು ಮನೆಯವರು ಬುದ್ಧಿ ಕೆಟ್ಟಿದೆ ಎಂದುಕೊಂಡು ಬೇರೆ ಡಾಕ್ಟರ ಬಳಿ ಒಯ್ಯುವುದುಂಟು.

ಚಿತ್ರ ತೋರಿಸಿ ಹೆಸರು ಹೇಳಿಸುವುದು ಈ ಕ್ಷೇತ್ರದ ಮೂಲ ಪರೀಕ್ಷೆ. ಬಾಸ್ಟನ್‌ನಲ್ಲಿ ತಯಾರಾದ ಪ್ರಸಿದ್ಧ ಪರೀಕ್ಷೆಯಲ್ಲಿ 60 ಚಿತ್ರಗಳಿವೆ. ಅದರಲ್ಲಿ ಇಗ್ಲೂ ಇದೆ, ಹಾರ್ಪ್ ಇದೆ, ಪ್ರೆಟ್ಜೆಲ್ ಇದೆ, ಬೀವರ್ ಇದೆ. ಚಿಂಚೋಳಿಯ ರೈತನಿಗೆ ಇವನ್ನು ತೋರಿಸಿ ಅಂಕ ಕಳೆದರೆ ಅಳೆದದ್ದು ಮೆದುಳನ್ನಲ್ಲ, ಅಮೆರಿಕವನ್ನು ಎಷ್ಟು ನೋಡಿದ್ದಾನೆ ಎಂಬುದನ್ನು. ಸರಿ, ಕನ್ನಡಕ್ಕೆ ತರೋಣ ಎಂದು ಬೆಂಗಳೂರಿನಲ್ಲಿ ಪಟ್ಟಿ ಮಾಡಿದರೂ ತೊಡಕು ತಪ್ಪುವುದಿಲ್ಲ. ಉತ್ತರಪತ್ರಿಕೆಯಲ್ಲಿ ‘ಈರುಳ್ಳಿ’ ಎಂದಿದೆ, ಇಲ್ಲಿಯವರು ಹೇಳುವುದು ‘ಉಳ್ಳಾಗಡ್ಡಿ’. ‘ಮನೆ’ ಎಂದಿದೆ, ಇವರು ‘ಮನಿ’ ಎನ್ನುತ್ತಾರೆ. ‘ಹೋಗುತ್ತಾನೆ’ ಬದಲು ‘ಹೋಗ್ತಾನ’. ಪದಾಂತ್ಯದ ಎಕಾರ ‘ಮನಿ’ಯಲ್ಲಿ ಇಕಾರ, ‘ಹೋಗ್ತಾನ’ದಲ್ಲಿ ಅಕಾರ ಆಗುವುದು ಈ ಕಡೆಯ ಕನ್ನಡದ ನಿಯಮ, ಉಚ್ಚಾರದೋಷವಲ್ಲ. ಇದನ್ನು ತಿಳಿಯದ ಪರೀಕ್ಷಕ ಆರೋಗ್ಯವಂತನಿಗೂ ದೋಷ ಹಚ್ಚುತ್ತಾನೆ.

ಪಟ್ಟಿ ಕಟ್ಟುವವರು ಮಾಡಬೇಕಾದ್ದು ಹೀಗೆ. ಬೇಕಾದ್ದಕ್ಕಿಂತ ಇಮ್ಮಡಿ ಚಿತ್ರ ಆರಿಸಿ. ಆರೋಗ್ಯವಂತರಿಗೆ ತೋರಿಸಿ: ಪೇಟೆಯವರು, ಹಳ್ಳಿಯವರು, ಶಾಲೆಗೆ ಹೋದವರು, ಹೋಗದವರು, ಗಂಡಸರು, ಹೆಂಗಸರು, ಅರವತ್ತು ದಾಟಿದವರು. ಲಕ್ವಾ ಬಹುತೇಕ ವಯಸ್ಸಾದವರ ಕಾಯಿಲೆ, ಹೋಲಿಕೆಗೆ ಕಾಲೇಜು ಹುಡುಗರನ್ನು ಇಟ್ಟುಕೊಳ್ಳಬೇಡಿ. ಅವರು ಹೇಳಿದ ಹೆಸರುಗಳನ್ನೆಲ್ಲ ಬರೆದುಕೊಳ್ಳಿ. ಹೆಚ್ಚು ಮಂದಿ ಒಂದೇ ಹೆಸರು ಹೇಳಿದ ಚಿತ್ರಗಳನ್ನು ಉಳಿಸಿ, ಉಳಿದ ಒಪ್ಪಿತ ರೂಪಗಳನ್ನು ಉತ್ತರಪತ್ರಿಕೆಗೆ ಸೇರಿಸಿ. ಶಾಲೆಯ ಮೆಟ್ಟಿಲು ಹತ್ತದವರಿಗೆ ಗೆರೆಚಿತ್ರ ಓದುವುದೇ ಕಷ್ಟವಾಗಬಹುದು. ಅಂಥ ಕಡೆ ನಿಜವಾದ ವಸ್ತುವನ್ನೇ ಕೈಗೆ ಕೊಡಿ, ಬೀಗದಕೈ, ಸೂಜಿ, ತಂಬಿಗೆ.

ಇಲ್ಲಿಯವರು ಒಂದೇ ಭಾಷೆಯವರೂ ಅಲ್ಲ. ಮನೆಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಕನ್ನಡ. ತಾಂಡಾದಲ್ಲಿ ಲಂಬಾಣಿ, ಕಚೇರಿಯಲ್ಲಿ ಕನ್ನಡ. ಬೀದರಿನ ಗಡಿಯಲ್ಲಿ ಮರಾಠಿ, ತೆಲುಗು. ಅಫೇಸಿಯಾ ಬಂದಾಗ ಯಾವ ಭಾಷೆ ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂಬುದು 19ನೇ ಶತಮಾನದ ರಿಬೋ ಅವರ ವಾದ. ಹೆಚ್ಚು ಬಳಸುತ್ತಿದ್ದದ್ದು ಎಂಬುದು 1895ರ ಪೀತ್ರ್ ಅವರ ವಾದ. ಎರಡಕ್ಕೂ ಉದಾಹರಣೆ ಸಿಗುತ್ತವೆ, ಎರಡನ್ನೂ ಮುರಿಯುವ ಉದಾಹರಣೆಯೂ ಸಿಗುತ್ತವೆ. ಬಗೆಹರಿಸಬೇಕಾದರೆ ಎಲ್ಲ ಭಾಷೆಯಲ್ಲೂ ಅಳೆಯಬೇಕು, ಅದು ಹೇಳಿದಷ್ಟು ಸುಲಭವಲ್ಲ. ಬೆಳಿಗ್ಗೆ ಕನ್ನಡದಲ್ಲಿ ಕೇಳಿ, ಅರ್ಧ ಗಂಟೆ ಬಿಟ್ಟು ಅದೇ ಚಿತ್ರಗಳನ್ನು ಉರ್ದುವಿನಲ್ಲಿ ಕೇಳಿದರೆ ಉರ್ದುವಿಗೆ ಅಂಕ ಹೆಚ್ಚು ಬರುತ್ತದೆ. ಚಿತ್ರ ಆಗಲೇ ಪರಿಚಯವಾಗಿದೆ. ಬೇರೆ ದಿನ ಕೇಳಿ, ಅರ್ಧದಷ್ಟು ಮಂದಿಗೆ ಉರ್ದು ಮೊದಲು ಕೇಳಿ. ಪರೀಕ್ಷಕರೂ ಬೇರೆಯವರಿರಲಿ. ಕನ್ನಡದಲ್ಲಿ ಮಾತಾಡಿಸಿದವರೇ ಎದುರು ಕೂತರೆ ರೋಗಿ ಕನ್ನಡಕ್ಕೇ ಹೊರಳುತ್ತಾನೆ.

ಇನ್ನೊಂದು ಸಿಕ್ಕು. ಮೇಜಿನ ಚಿತ್ರ ತೋರಿಸಿದಿರಿ, ರೋಗಿ ‘ಮೇಜ್’ ಎಂದ. ಕನ್ನಡವೇ, ಉರ್ದುವೇ? ಕುರ್ಚಿ–ಕುರ್ಸಿ, ಕಿಟಕಿ–ಖಿಡ್ಕಿ, ಚಮಚ, ಚಾಕು ಎಲ್ಲ ಹೀಗೇ. ನಾಲಿಗೆ ತೊಡರುವವನ ಬಾಯಲ್ಲಿ ಕುರ್ಚಿಯೂ ಕುರ್ಸಿಯೂ ಒಂದೇ. ಇಂಥ ಪದಗಳಿಗೆ ಬೇರೆ ಪಟ್ಟಿ ಮಾಡಿ, ಬೇರೆಯಾಗಿ ಅಂಕ ಹಾಕಿ. ಮಿಶೆಲ್ ಪ್ಯಾರಡಿ ಅವರ ದ್ವಿಭಾಷಾ ಅಫೇಸಿಯಾ ಪರೀಕ್ಷೆಗೆ ಕನ್ನಡ ರೂಪವೂ ಇದೆ. ಅದು ಪದಕ್ಕೆ ಪದ ಅನುವಾದವಲ್ಲ, ಆಯಾ ಭಾಷೆಯ ಒಳಗಿನಿಂದ ಕಟ್ಟಿದ್ದು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಕನ್ನಡ ಪರೀಕ್ಷೆಗಳನ್ನೂ ನೋಡಿ. ಹೊಸದಾಗಿ ಕಟ್ಟುವ ಮೊದಲು ಇರುವುದನ್ನು ತಿಳಿಯುವುದು ಒಳ್ಳೆಯದು.

ಅಂಕ ಹಾಕುವವರು ಇಬ್ಬರಿರಬೇಕು. ಇಬ್ಬರೂ ಶೇ 90 ಕಡೆ ಒಪ್ಪಿದರೆಂದು ಹಿಗ್ಗಬೇಡಿ. ಇಬ್ಬರೂ ನೂರಕ್ಕೆ ತೊಂಬತ್ತು ಉತ್ತರಗಳಿಗೆ ‘ಸರಿ’ ಹಾಕುವವರಾದರೆ, ಉತ್ತರ ಕೇಳದೆ ಕಣ್ಣುಮುಚ್ಚಿ ಹಾಕಿದರೂ ಶೇ 82 ಕಡೆ ಒಪ್ಪುತ್ತಾರೆ. ಆ 82ನ್ನು ತೆಗೆದು ಲೆಕ್ಕ ಹಾಕುವ ಕೋಹೆನ್ನರ ಕಪ್ಪಾ ಇಲ್ಲಿ ಬರೀ 0.44.

ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮಾಡಿದ ಎರಡು ಅಧ್ಯಯನಗಳು ನಮಗೆ ಭೌಗೋಳಿಕವಾಗಿಯೂ ಹತ್ತಿರ. 2013ರದ್ದು ಮರೆವಿನ ಕಾಯಿಲೆಯ 648 ರೋಗಿಗಳದ್ದು: ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದುಬರಹ ಬಾರದವರಲ್ಲೂ ವ್ಯತ್ಯಾಸ ಕಂಡಿತು. 2016ರದ್ದು ಪಾರ್ಶ್ವವಾಯುವಿನ 608 ರೋಗಿಗಳದ್ದು: ಹಲವು ಭಾಷೆಯವರಲ್ಲಿ ಶೇ 40.5ರಷ್ಟು ಮಂದಿಯ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಶೇ 19.6. ಆದರೆ ಅಫೇಸಿಯಾ ಬರುವುದರಲ್ಲಿ ವ್ಯತ್ಯಾಸ ಇರಲಿಲ್ಲ. ಪತ್ರಿಕೆಗಳಲ್ಲಿ ಮೊದಲ ಭಾಗ ಮಾತ್ರ ಮೆರೆಯಿತು. ಓದುವಾಗ ಕೇಳಬೇಕಾದ್ದು: ಇವರೆಲ್ಲ ದೊಡ್ಡ ಆಸ್ಪತ್ರೆಗೆ ಬಂದವರು, ಬಾರದವರು ಎಂಥವರು? ಮರೆವು ‘ಯಾವಾಗ ಶುರುವಾಯಿತು’ ಎಂದು ಹೇಳಿದ್ದು ಮನೆಯವರು, ಅವರ ನೆನಪಿನ ತಪ್ಪು ಎಷ್ಟು? ಅಧ್ಯಯನ ತಪ್ಪೆಂದು ಹೇಳುತ್ತಿಲ್ಲ, ನನ್ನ ಮಟ್ಟಿಗೆ ಅದು ಒಳ್ಳೆಯ ಕೆಲಸ. ಅಳತೆಗೋಲನ್ನು ಕೇಳುವುದು ಒಳ್ಳೆಯ ಕೆಲಸಕ್ಕೂ ಅನ್ವಯ.

ಮಕ್ಕಳ ಓದಿನ ತೊಂದರೆ ಬಗ್ಗೆ ಒಂದೇ ಮಾತು. ಇಂಗ್ಲಿಷಿನಲ್ಲಿ 26 ಅಕ್ಷರ, ಕನ್ನಡದಲ್ಲಿ ಕಾಗುಣಿತ ಸೇರಿ 400ಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರ. ಕನ್ನಡದ ಮಕ್ಕಳು ಅಕ್ಷರ ಕಲಿಯುವುದು ನಾಲ್ಕನೇ ತರಗತಿವರೆಗೂ ನಡೆಯುತ್ತದೆ ಎಂದು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಎರಡನೇ ತರಗತಿಯ ಮಗು ‘ಸ್ತ್ರೀ’ ಓದಲು ತಡವರಿಸಿದರೆ ಡಿಸ್ಲೆಕ್ಸಿಯಾ ಎಂದು ಚೀಟಿ ಅಂಟಿಸುವುದು ಆತುರ. ಉರ್ದು ಮನೆಮಾತಿನ ಮಗು ‘ಳ’ಕ್ಕೆ ‘ಲ’ ಎಂದರೆ ಅದೂ ರೋಗವಲ್ಲ.

ಕೊನೆಗೆ ಸಭೆಯಿಂದ ಎರಡು ಪ್ರಶ್ನೆ ಬಂದವು.

‘ಗುಂಪಿಗೆ ಎಷ್ಟು ಮಂದಿ ಬೇಕು, ಮೂವತ್ತು ಸಾಕಲ್ಲವೇ ಸರ್?’ ಮೂವತ್ತು ಎಂಬುದು ಮಂತ್ರವಲ್ಲ. ಎರಡು ಗುಂಪಿನ ಸರಾಸರಿ ಹೋಲಿಸುವಾಗ ಅಂಕಗಳ ಮಾನಕ ವಿಚಲನೆಯನ್ನು (ಸರಾಸರಿಯಿಂದ ಅಂಕಗಳು ಎಷ್ಟು ಚದುರಿವೆ ಎಂಬ ಅಳತೆಯನ್ನು) ನೀವು ಹಿಡಿಯಬೇಕೆಂದಿರುವ ವ್ಯತ್ಯಾಸದಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. ವಿಚಲನೆ 8, ವ್ಯತ್ಯಾಸ 5 ಆದರೆ ಗುಂಪಿಗೆ 41 ಮಂದಿ. ಆಗಲೂ ನಿಜವಾಗಿ ಇರುವ ವ್ಯತ್ಯಾಸ ಐದರಲ್ಲಿ ಒಂದು ಸಲ ತಪ್ಪಿಸಿಕೊಳ್ಳುತ್ತದೆ.

‘ಮನ್ಯಾಗ ಎರಡು ಭಾಷಿ ಮಾತಾಡಿದ್ರ ಕೂಸಿಗಿ ಮಾತು ತಡಾ ಬರ್ತಾವೇನ್ರಿ?’ ಎಂದು ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಇಲ್ಲ, ತಾಯಿ. ಎರಡೂ ಭಾಷೆಯ ಶಬ್ದಗಳನ್ನು ಸೇರಿಸಿ ಎಣಿಸಿ. ಒಂದರದ್ದನ್ನು ಮಾತ್ರ ಎಣಿಸಿದರೆ ಕಡಿಮೆ ಕಾಣುತ್ತದೆ. ಮನೆಭಾಷೆ ನಿಲ್ಲಿಸಬೇಡಿ. ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬೇರಾ ಎಂಬ ಪರೀಕ್ಷೆ ಇದೆ, ತಲೆಗೆ ಸಣ್ಣ ತಂತಿ ಅಂಟಿಸಿ ಕಿವಿಗೆ ಸದ್ದು ಕೇಳಿಸಿ ನೋಡುತ್ತಾರೆ, ನೋವಿಲ್ಲ. ಕೂಸು ಮಲಗಿರಬೇಕು, ಅಲುಗಾಡಿದರೆ ಗೆರೆ ಕೆಡುತ್ತದೆ. ಅವತ್ತು ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲಿ ಮಲಗಗೊಡಬೇಡಿ, ಆಸ್ಪತ್ರೆಯಲ್ಲಿ ಹಾಲು ಕುಡಿಸಿ ಮಲಗಿಸಿ. ಬಸ್ಸಿನಲ್ಲಿ ಮಲಗಿ ಎದ್ದ ಕೂಸು ಅಲ್ಲಿ ಮಲಗುವುದಿಲ್ಲ, ಇನ್ನೊಂದು ದಿನ ಬರಬೇಕಾಗುತ್ತದೆ.